ಮುಖ ಕೊಟ್ಟು ಜಾಮೀನು ನಿಲ್ಲುವ ಕೆಲಸ

ಪ್ರೀತಿಯ ಮಗೂ,

ರಾತ್ರಿ ಒಂಬತ್ತರ ಬುಲೆಟಿನ್‌ಗೆ ನಿನ್ನನ್ನು ಆರಿಸಿದ್ದಾರೆಂದು ಓದಿ ಸಂತೋಷವಾಯಿತು. ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣ ತಿದ್ದಿಕೊಳ್ಳಲು ಏನು ಮಾಡಲಿ ಎಂದು ಕೇಳಿದ್ದೀಯ. ದಿನಾ ಅರ್ಧ ಗಂಟೆ ಒಳ್ಳೆಯ ಹಳೆಯ ಗದ್ಯವನ್ನು ಗಟ್ಟಿಯಾಗಿ ಓದು, ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯವನ್ನು ನೀನು ಕೊನೆಯಲ್ಲಿ ತಾ.ಕ. ಹಾಕಿ ಕೇಳಿದ್ದೀಯ: ಡೆಸ್ಕ್‌ನವರು ಬರೆದುಕೊಟ್ಟದ್ದನ್ನು ಓದುವವಳು ನಾನು, ಅದು ಸುಳ್ಳಾದರೆ ನನ್ನ ಹೊಣೆ ಎಷ್ಟು?

ಈ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತ್ತು. ಹತ್ತಿಸಿದವರು ಸಾಮಾನ್ಯರಲ್ಲ, ಡ್ಯಾನ್ ರಾದರ್. ಸಿಬಿಎಸ್ ವಾಹಿನಿಯ ಸಂಜೆಯ ಸುದ್ದಿಯನ್ನು 1981ರ ಮಾರ್ಚ್ 9ರಿಂದ 2005ರ ಮಾರ್ಚ್ 9ರವರೆಗೆ, ಸರಿಯಾಗಿ 24 ವರ್ಷ ನಡೆಸಿದವರು. ಅವರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಟೆಕ್ಸಸ್‌ನ ವಾರ್ಟನ್ ಎಂಬ ಸಣ್ಣ ಊರಿನಲ್ಲಿ 1931ರಲ್ಲಿ ಹುಟ್ಟಿದವರು ರಾದರ್. ತಂದೆ ತೈಲದ ಪೈಪ್‌ಲೈನಿಗೆ ಕಾಲುವೆ ತೋಡುವ ಕೂಲಿ. 1961ರ ಸೆಪ್ಟೆಂಬರ್‌ನಲ್ಲಿ ಕಾರ್ಲಾ ಎಂಬ ಚಂಡಮಾರುತ ಟೆಕ್ಸಸ್ ಕರಾವಳಿಗೆ ಬಂದಾಗ ಅವರು ಹ್ಯೂಸ್ಟನ್‌ನ ಒಂದು ಸ್ಥಳೀಯ ವಾಹಿನಿಯಲ್ಲಿದ್ದರು. ಗ್ಯಾಲ್ವೆಸ್ಟನ್‌ನ ಹವಾಮಾನ ಕಚೇರಿಗೆ ಹೋಗಿ, ಅಲ್ಲಿನ ರಾಡಾರ್ ಪರದೆಯ ಮೇಲೆ ಕರಾವಳಿಯ ನಕ್ಷೆಯನ್ನು ಹೊಂದಿಸಿ ಕ್ಯಾಮೆರಾಗೆ ತೋರಿಸಿದರು. ಬರುತ್ತಿರುವ ಬಿರುಗಾಳಿ ಎಷ್ಟು ಅಗಲವಿದೆ ಎಂಬುದನ್ನು ಜನ ಮೊದಲ ಸಲ ಮನೆಯಲ್ಲಿ ಕೂತು ಕಣ್ಣಾರೆ ಕಂಡರು. ಸುಮಾರು 3.5 ಲಕ್ಷ ಮಂದಿ ತಗ್ಗು ಪ್ರದೇಶ ಬಿಟ್ಟು ಹೊರಟರು. ಬಾಯಿಮಾತಿನಲ್ಲಿ ಎಷ್ಟು ಹೆದರಿಸಿದ್ದರೂ ಅಷ್ಟು ಜನ ಕದಲುತ್ತಿರಲಿಲ್ಲ. ಮರುವರ್ಷವೇ ಸಿಬಿಎಸ್ ಅವರನ್ನು ಕರೆದುಕೊಂಡಿತು.

1963ರ ನವೆಂಬರ್‌ನಲ್ಲಿ ಅವರು ಡಲ್ಲಾಸ್‌ನಲ್ಲಿದ್ದರು. ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದಿದೆ, ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ರಾದರ್ ಆಸ್ಪತ್ರೆಗೆ ಫೋನ್ ಹಚ್ಚಿ, ಒಬ್ಬ ವೈದ್ಯರ ಮತ್ತು ಒಬ್ಬ ಪಾದ್ರಿಯ ಮಾತಿನಿಂದ ಕೆನಡಿ ತೀರಿಕೊಂಡಿದ್ದಾರೆಂದು ತಿಳಿದುಕೊಂಡರು. ನ್ಯೂಯಾರ್ಕ್ ಕಚೇರಿಯ ಜೊತೆ ಫೋನಿನಲ್ಲಿ ಅವರು ಆಡಿದ ಮಾತನ್ನೇ ಖಚಿತ ಸುದ್ದಿಯೆಂದು ಹಿಡಿದು ಸಿಬಿಎಸ್ ರೇಡಿಯೊ ಅಧಿಕೃತ ಘೋಷಣೆಗೂ ಮೊದಲೇ ಬಿತ್ತರಿಸಿಬಿಟ್ಟಿತು. ಸುದ್ದಿ ನಿಜವಾಗಿತ್ತು, ರಾದರ್ ಮೇಲೇರಿದರು. ಅದೇ ವಾರ ಕೊಲೆಯ ದೃಶ್ಯವಿದ್ದ ಝಪ್ರೂಡರ್ ಫಿಲ್ಮನ್ನು ನೋಡಿ ಬಂದು, ನೆನಪಿನಿಂದಲೇ ಪ್ರಸಾರದಲ್ಲಿ ವಿವರಿಸಿದರು. ಗುಂಡೇಟಿಗೆ ಕೆನಡಿಯ ತಲೆ ರಭಸವಾಗಿ ಮುಂದಕ್ಕೆ ವಾಲಿತು ಎಂದರು. 1975ರಲ್ಲಿ ಆ ಫಿಲ್ಮ್ ಟಿವಿಯಲ್ಲಿ ಬಂದಾಗ ತಲೆ ಹಿಂದಕ್ಕೆ ಎಸೆದಂತೆ ಹೋಗುವುದನ್ನು ದೇಶವೆಲ್ಲ ನೋಡಿತು. ಅವಸರ ಒಮ್ಮೆ ಕೈ ಹಿಡಿಯಿತು, ಒಮ್ಮೆ ಕೈ ಕೊಟ್ಟಿತು. ಕೈ ಹಿಡಿದದ್ದಕ್ಕೆ ಬಡ್ತಿ ಸಿಕ್ಕಿತು, ಕೈ ಕೊಟ್ಟದ್ದು ಗೊತ್ತಾಗಲು ಹನ್ನೆರಡು ವರ್ಷ ಹಿಡಿಯಿತು. ನಮ್ಮ ವೃತ್ತಿ ಮನುಷ್ಯನಿಗೆ ಪಾಠ ಕಲಿಸುವುದು ಹೀಗೇ, ತಲೆಕೆಳಗಾಗಿ.

ಎದೆಗಾರಿಕೆಗೆ ಕೊರತೆಯಿರಲಿಲ್ಲ. 1968ರಲ್ಲಿ ಷಿಕಾಗೊದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಸಭಾಂಗಣದಲ್ಲಿ ಭದ್ರತೆಯವರಿಂದ ಹೊಟ್ಟೆಗೆ ಏಟು ತಿಂದು ಹಾಗೆಯೇ ವರದಿ ಮುಂದುವರಿಸಿದರು. ವಾಟರ್‌ಗೇಟ್ ಹಗರಣ ಕಾವೇರಿದ್ದ 1974ರಲ್ಲಿ, ಹ್ಯೂಸ್ಟನ್‌ನ ಸಭೆಯೊಂದರಲ್ಲಿ ಪ್ರಶ್ನೆ ಕೇಳಲು ಎದ್ದಾಗ ಚಪ್ಪಾಳೆ ಬಿತ್ತು. ಅಧ್ಯಕ್ಷ ನಿಕ್ಸನ್, ನೀವೇನು ಚುನಾವಣೆಗೆ ನಿಂತಿದ್ದೀರಾ ಎಂದು ಕಿಚಾಯಿಸಿದರು. ಇಲ್ಲ ಸರ್, ನೀವು ನಿಂತಿದ್ದೀರಾ ಎಂದು ರಾದರ್ ತಿರುಗಿ ಕೇಳಿದರು. ಅವರನ್ನು ಮೆಚ್ಚುವವರೂ ದ್ವೇಷಿಸುವವರೂ ಅಂದಿನಿಂದಲೇ ಎರಡು ಪಾಳಯವಾದರು. ನನಗೆ ಆ ಉತ್ತರ ಚುರುಕೆನಿಸುತ್ತದೆ, ಅಗತ್ಯವಿತ್ತು ಅನಿಸುವುದಿಲ್ಲ. ಪ್ರಶ್ನೆ ಕೇಳಲು ಎದ್ದವನು ಸುದ್ದಿಯಾಗಿ ಕುಳಿತ.

ಆಂಕರ್ ಕುರ್ಚಿಗೆ ಬಂದ ಮೇಲೆ ಹೀಗೆ ತಾವೇ ಸುದ್ದಿಯಾಗುವುದು ಹೆಚ್ಚಿತು. 1987ರ ಸೆಪ್ಟೆಂಬರ್ 11ರಂದು ಪೋಪ್ ಭೇಟಿಯ ವರದಿಗೆಂದು ಮಯಾಮಿಯಲ್ಲಿದ್ದರು. ಯುಎಸ್ ಓಪನ್ ಟೆನಿಸ್ ಪಂದ್ಯ ಮುಗಿಯದೆ ಸುದ್ದಿಯ ಸಮಯವನ್ನು ತಿನ್ನುತ್ತದೆಂದು ತಿಳಿದು, ಸಿಟ್ಟಿನಿಂದ ಸೆಟ್ ಬಿಟ್ಟು ಎದ್ದುಹೋದರು. ಪಂದ್ಯ ಬೇಗನೆ ಮುಗಿದುಬಿಟ್ಟಿತು, ಆಂಕರ್ ಕುರ್ಚಿ ಖಾಲಿ. ಆರು ನಿಮಿಷ ಒಂದು ರಾಷ್ಟ್ರೀಯ ವಾಹಿನಿ ಕಪ್ಪು ಪರದೆ ತೋರಿಸಿತು. ನಾಲ್ಕೇ ತಿಂಗಳಲ್ಲಿ ಅದರ ಬೆಲೆ ತೆರಬೇಕಾಯಿತು. ಉಪಾಧ್ಯಕ್ಷ ಜಾರ್ಜ್ ಬುಷ್ ಅವರನ್ನು, ಅಂದರೆ ಅಪ್ಪ ಬುಷ್ ಅವರನ್ನು, ಇರಾನ್-ಕಾಂಟ್ರಾ ಶಸ್ತ್ರಾಸ್ತ್ರ ವ್ಯವಹಾರದ ಬಗ್ಗೆ ನೇರಪ್ರಸಾರದಲ್ಲಿ ಹಿಡಿದು ಕೇಳುತ್ತಿದ್ದಾಗ ಬುಷ್ ಪೆಟ್ಟು ಕೊಟ್ಟರು: ನ್ಯೂಯಾರ್ಕ್‌ನಲ್ಲಿ ಸೆಟ್ ಬಿಟ್ಟುಹೋದ ಆ ಏಳು ನಿಮಿಷದಿಂದ ನಿಮ್ಮ ವೃತ್ತಿಯನ್ನೆಲ್ಲ ಅಳೆದರೆ ಹೇಗಿರುತ್ತದೆ? ಊರೂ ತಪ್ಪು, ನಿಮಿಷವೂ ತಪ್ಪು. ಆದರೆ ಆ ರಾತ್ರಿ ಗೆದ್ದವರು ಬುಷ್. ರಾದರ್ ಕೇಳಿದ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಸಿಗಲೇ ಇಲ್ಲ, ಸಿಗಲಿಲ್ಲ ಎಂಬುದೂ ಯಾರಿಗೂ ನೆನಪುಳಿಯಲಿಲ್ಲ. ಪಕ್ಕದಲ್ಲಿದ್ದು ಬುಷ್ ಅವರನ್ನು ಸಜ್ಜುಗೊಳಿಸಿದ್ದವರು ರಾಜರ್ ಐಲ್ಸ್, ಮುಂದೆ ಫಾಕ್ಸ್ ನ್ಯೂಸ್ ಕಟ್ಟಿದ ಮನುಷ್ಯ. ಆಂಕರ್‌ನ ಸಿಟ್ಟು ಎದುರಾಳಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ನಿನ್ನ ಪ್ಯಾನೆಲ್‌ನಲ್ಲಿ ಕೂರುವ ಪಕ್ಷದ ವಕ್ತಾರರಿಗೂ ತಿಳಿದಿದೆ.

2000ದ ಅಧ್ಯಕ್ಷ ಚುನಾವಣೆಯ ರಾತ್ರಿ ಶುರುವಿನಲ್ಲೇ ವೀಕ್ಷಕರಿಗೆ ಹೇಳಿದರು: ತಪ್ಪು ಹೇಳುವುದಕ್ಕಿಂತ ಕೊನೆಯವರಾಗುವುದೇ ನಮಗಿಷ್ಟ. ಅದೇ ರಾತ್ರಿ ಫ್ಲೋರಿಡಾದ ಗೆಲುವನ್ನು ಅಭ್ಯರ್ಥಿ ಗೋರ್‌ಗೆ ಕೊಟ್ಟು, ಕಿತ್ತುಕೊಂಡು, ಕಿರಿಯ ಬುಷ್‌ಗೆ ಕೊಟ್ಟು, ಅದನ್ನೂ ಕಿತ್ತುಕೊಂಡರು. ಬೇರೆ ವಾಹಿನಿಗಳೂ ಅದನ್ನೇ ಮಾಡಿದವು, ನಿಜ. ಆದರೆ ಬೇರೆಯವರು ಅಷ್ಟು ದೊಡ್ಡ ಮಾತು ಕೊಟ್ಟಿರಲಿಲ್ಲ.

ಈಗ 2004ಕ್ಕೆ ಬರೋಣ. ಇದೇ ನಿನ್ನ ತಾ.ಕ.ದ ಉತ್ತರ.

ಆ ವರ್ಷ ಏಪ್ರಿಲ್‌ನಲ್ಲಿ ರಾದರ್ ಮತ್ತು ಪ್ರೊಡ್ಯೂಸರ್ ಮೇರಿ ಮೇಪ್ಸ್, ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳನ್ನು ಹೊರಗೆಡವಿ ಜಗತ್ತನ್ನೇ ಅಲುಗಾಡಿಸಿದ್ದರು. ಸೆಪ್ಟೆಂಬರ್‌ನಲ್ಲಿ ಇದೇ ಜೋಡಿಯ ಕೈಗೆ ಇನ್ನೊಂದು ಸಿಕ್ಕಿತು. ಆ ವರ್ಷ ಮರುಚುನಾವಣೆಗೆ ನಿಂತಿದ್ದ ಅಧ್ಯಕ್ಷ ಕಿರಿಯ ಬುಷ್ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಟೆಕ್ಸಸ್‌ನ ಏರ್ ನ್ಯಾಷನಲ್ ಗಾರ್ಡ್ ಸೇರಿ ಅಲ್ಲಿಯೂ ಸರಿಯಾಗಿ ಕೆಲಸ ಮಾಡಲಿಲ್ಲ ಎಂಬುದು ಹಳೆಯ ಆರೋಪ, ಅದನ್ನು ಬೋಸ್ಟನ್ ಗ್ಲೋಬ್ ಪತ್ರಿಕೆ 2000ದಲ್ಲೇ ದಾಖಲೆ ಹಿಡಿದು ಬರೆದಿತ್ತು. ಈಗ ಸಿಕ್ಕಿದ್ದು ಬುಷ್‌ರ ಅಂದಿನ ಅಧಿಕಾರಿ ಜೆರ್ರಿ ಕಿಲಿಯನ್ 1970ರ ದಶಕದ ಆರಂಭದಲ್ಲಿ ಟೈಪ್ ಮಾಡಿಟ್ಟದ್ದು ಎನ್ನಲಾದ ಟಿಪ್ಪಣಿಗಳು. ಕಿಲಿಯನ್ 1984ರಲ್ಲೇ ತೀರಿಕೊಂಡಿದ್ದರು. ಸಿಕ್ಕಿದ್ದು ಮೂಲಪ್ರತಿಯಲ್ಲ, ನೆರಳಚ್ಚು. ಕೊಟ್ಟವರು ಬುಷ್ ಮೇಲೆ ಸಿಟ್ಟಿದ್ದ ಗಾರ್ಡ್‌ನ ಒಬ್ಬ ಮಾಜಿ ಅಧಿಕಾರಿ.

ದಿನಾಂಕಗಳನ್ನು ಗಮನಿಸು. ಮೊದಲ ಎರಡು ಹಾಳೆ ಸಿಕ್ಕಿದ್ದು ಸೆಪ್ಟೆಂಬರ್ 2ಕ್ಕೆ, ಉಳಿದವು 5ಕ್ಕೆ. ಪ್ರಸಾರವಾದದ್ದು 8ಕ್ಕೆ. ಕರೆಸಿದ ಲಿಪಿತಜ್ಞರಲ್ಲಿ ಇಬ್ಬರು ಪ್ರಸಾರಕ್ಕೆ ಮುಂಚೆಯೇ ಅನುಮಾನ ಹೇಳಿದ್ದರು. ಒಬ್ಬರು ಸಹಿಯನ್ನಷ್ಟೇ ನೋಡಿ ಪರವಾಗಿಲ್ಲ ಎಂದಿದ್ದರು. ಪ್ರಸಾರದ ದಿನ ಬೆಳಿಗ್ಗೆ ಶ್ವೇತಭವನದ ಅಧಿಕಾರಿಗೆ ಹಾಳೆಗಳನ್ನು ತೋರಿಸಿದರು. ಅವರು ಇವು ನಕಲಿ ಎನ್ನಲಿಲ್ಲ. ಅನ್ನದೇ ಇದ್ದದ್ದನ್ನೇ ಸಿಬಿಎಸ್‌ನವರು ಒಪ್ಪಿಗೆ ಎಂದು ಹಿಡಿದರು. ಈ ಕೊನೆಯದನ್ನು ಎರಡು ಸಲ ಓದು. ನಿನ್ನ ನ್ಯೂಸ್‌ರೂಮಿನಲ್ಲಿ ದಿನಕ್ಕೆ ಹತ್ತು ಸಲ ನಡೆಯುವುದು ಇದೇ: ಫೋನ್ ಮಾಡಿದೆವು ಸರ್, ಅಲ್ಲಗಳೆಯಲಿಲ್ಲ ಸರ್.

ಆ ದಿನಗಳಲ್ಲಿ ರಾದರ್ ಎಲ್ಲಿದ್ದರು? ರಿಪಬ್ಲಿಕನ್ ಅಧಿವೇಶನ ಮುಗಿಸಿ, ಫ್ಲೋರಿಡಾದಲ್ಲಿ ಫ್ರಾನ್ಸಿಸ್ ಎಂಬ ಚಂಡಮಾರುತದ ಗಾಳಿಗೆ ಮುಖವೊಡ್ಡಿ ನಿಂತಿದ್ದರು. ಎಪ್ಪತ್ತೆರಡು ವರ್ಷದ ಆಂಕರ್ ಮಳೆಯಲ್ಲಿ ನಿಂತು ವರದಿ ಮಾಡುವುದು ನೋಡಲು ಚೆಂದ. ಆದರೆ ಅವರ ಹೆಸರಿನಲ್ಲಿ ತಯಾರಾಗುತ್ತಿದ್ದ ವರದಿಯನ್ನು ಪ್ರಸಾರಕ್ಕೆ ಮೊದಲು ಅವರು ಪೂರ್ತಿ ನೋಡಿರಲೂ ಇಲ್ಲ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ಇಂಥ ತನಿಖಾ ವರದಿಯ ಕಾರ್ಯಕ್ರಮಗಳಲ್ಲಿ ಹುಡುಕುವುದು, ಮಾತಾಡಿಸುವುದು, ಬರೆಯುವುದು ಬಹುಪಾಲು ಪ್ರೊಡ್ಯೂಸರ್ ಕೆಲಸ. ತಾರೆ ಬಂದು ಮುಖ್ಯ ಸಂದರ್ಶನ ಮಾಡಿ, ದನಿ ಕೊಟ್ಟು ಹೋಗುತ್ತದೆ. ಜನ ನಂಬುವುದು ತಾರೆಯನ್ನು, ಪ್ರೊಡ್ಯೂಸರ್ ಹೆಸರು ಅವರಿಗೆ ಗೊತ್ತೂ ಇರುವುದಿಲ್ಲ. ಸಾಲ ಮಾಡುವವರು ಯಾರೋ, ಜಾಮೀನು ಸಹಿ ಹಾಕುವವರು ಇನ್ಯಾರೋ. ಕಂತು ತಪ್ಪಿದಾಗ ಬ್ಯಾಂಕಿನವರು ಯಾರ ಮನೆಗೆ ಬರುತ್ತಾರೆಂದು ಬೇಸಾಯಗಾರರ ಮನೆಯ ಮಗಳಿಗೆ ನಾನು ಹೇಳಬೇಕಿಲ್ಲ.

ಪ್ರಸಾರವಾದ ಕೆಲವೇ ಗಂಟೆಗಳಲ್ಲಿ ಇಂಟರ್ನೆಟ್‌ನಲ್ಲಿ ಗುಲ್ಲೆದ್ದಿತು. ಅಕ್ಷರಗಳ ನಡುವಿನ ಅಂತರ, ಅಂಕಿಯ ಪಕ್ಕ ಮೇಲಕ್ಕೇರಿ ಕೂತ ಪುಟ್ಟ ಅಕ್ಷರ, ಇವು ಆ ಕಾಲದ ಕಚೇರಿ ಟೈಪ್‌ರೈಟರಿನವಲ್ಲ ಎಂದು ಜನ ಬರೆದರು. ಒಬ್ಬರು ಅದೇ ಸಾಲುಗಳನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೊಡೆದು ಒಂದರ ಮೇಲೊಂದು ಇಟ್ಟು ತೋರಿಸಿದರು. ಹೆಚ್ಚುಕಡಿಮೆ ಅಚ್ಚಿಗಚ್ಚು. ಇಲ್ಲಿಗೆ ನಿಲ್ಲಿಸಿ, ಪರಿಶೀಲಿಸುತ್ತೇವೆ ಎಂದಿದ್ದರೆ ಪೆಟ್ಟು ಬೀಳುತ್ತಿತ್ತು, ಪ್ರಾಣ ಹೋಗುತ್ತಿರಲಿಲ್ಲ. ರಾದರ್ ಹನ್ನೆರಡು ದಿನ ಸಮರ್ಥಿಸಿಕೊಂಡರು. ತಮ್ಮದೇ ಸಂಜೆಯ ಸುದ್ದಿಯಲ್ಲಿ, ತಮ್ಮದೇ ವರದಿಯ ಪರವಾಗಿ. ನನ್ನ ಲೆಕ್ಕದಲ್ಲಿ 8ನೇ ತಾರೀಖಿನ ತಪ್ಪಿಗಿಂತ ಆ ಹನ್ನೆರಡು ದಿನಗಳದ್ದೇ ದೊಡ್ಡದು. ಕೊನೆಗೆ, ಹಾಳೆ ಕೊಟ್ಟ ಮನುಷ್ಯ ಅವು ಎಲ್ಲಿಂದ ಬಂದವೆಂಬ ಬಗ್ಗೆ ತಾನು ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡ. ಸೆಪ್ಟೆಂಬರ್ 20ರಂದು ಸಿಬಿಎಸ್ಸೂ ರಾದರ್ ಅವರೂ ಕ್ಷಮೆ ಕೇಳಿದರು.

ಮಾಜಿ ಅಟಾರ್ನಿ ಜನರಲ್ ಡಿಕ್ ಥಾರ್ನ್‌ಬರ್ಗ್ ಮತ್ತು ಅಸೋಸಿಯೇಟೆಡ್ ಪ್ರೆಸ್‌ನ ಮಾಜಿ ಮುಖ್ಯಸ್ಥ ಲೂಯಿ ಬೊಕಾರ್ಡಿ ತನಿಖೆ ಮಾಡಿ, 2005ರ ಜನವರಿಯಲ್ಲಿ 224 ಪುಟದ ವರದಿ ಕೊಟ್ಟರು. ಹಾಳೆಗಳು ನಕಲಿ ಎಂದು ಅವರು ತೀರ್ಪು ಕೊಡಲಿಲ್ಲ, ಅಸಲಿ ಎಂದು ತೋರಿಸಲು ಆಗಲಿಲ್ಲ ಎಂದರು. ರಾಜಕೀಯ ದ್ವೇಷದಿಂದ ಮಾಡಿದರು ಎಂದೂ ಹೇಳಲಿಲ್ಲ. ಅವರು ಬೆರಳು ತೋರಿಸಿದ್ದು ಎಲ್ಲರಿಗಿಂತ ಮೊದಲಾಗಬೇಕೆಂಬ ಕುರುಡು ಹುಮ್ಮಸ್ಸನ್ನು. ಮೇಪ್ಸ್ ಕೆಲಸ ಕಳೆದುಕೊಂಡರು. ಸಿಬಿಎಸ್ ಇನ್ನೂ ಮೂವರ ರಾಜೀನಾಮೆ ಕೇಳಿತು. ಸುದ್ದಿ ವಿಭಾಗದ ಅಧ್ಯಕ್ಷರು ಉಳಿದುಕೊಂಡರು, ಅಷ್ಟು ಎತ್ತರಕ್ಕೆ ನೀರು ಏರುವುದು ಎಲ್ಲ ದೇಶದಲ್ಲೂ ಅಪರೂಪ. ರಾದರ್ ಮಾರ್ಚ್‌ನಲ್ಲಿ ಕುರ್ಚಿ ಬಿಟ್ಟರು. ಆ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕೂತಿದ್ದ ವಾಲ್ಟರ್ ಕ್ರಾಂಕೈಟ್, ಇಷ್ಟು ವರ್ಷ ಇವರನ್ನು ಸಹಿಸಿದ್ದೇ ಆಶ್ಚರ್ಯ ಎಂಬರ್ಥದ ಮಾತನ್ನು ಟಿವಿಯಲ್ಲೇ ಆಡಿದರು. ಹಿರಿಯರು ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಲೇಸು, ಆದರೆ ನಮ್ಮಿಂದ ಅದು ಆಗುವುದಿಲ್ಲ.

2007ರಲ್ಲಿ ರಾದರ್ ಸಿಬಿಎಸ್ ಮೇಲೆ 7 ಕೋಟಿ ಡಾಲರ್‌ಗೆ ದಾವೆ ಹೂಡಿದರು. ಅವರ ವಾದದ ಒಂದು ಎಳೆ ಏನು ಗೊತ್ತೆ? ಆ ವರದಿಯಲ್ಲಿ ತಮ್ಮ ಪಾತ್ರ ಬಹುಮಟ್ಟಿಗೆ ಓದುವವನದಷ್ಟೇ ಆಗಿತ್ತು, ಪರಿಶೀಲನೆ ಬೇರೆಯವರ ಕೈಯಲ್ಲಿತ್ತು ಎಂಬುದು. ನಿನ್ನ ತಾ.ಕ. ಅಕ್ಷರಶಃ! ನ್ಯಾಯಾಲಯ ಕರಾರನ್ನು ನೋಡಿತು, ಸಂಬಳ ಪೂರ್ತಿ ಸಂದಿದೆ ಎಂದು 2009ರಲ್ಲಿ ದಾವೆಯನ್ನು ತಳ್ಳಿಹಾಕಿತು. ನಿನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ನನ್ನ ಉತ್ತರ ಇದು: ಒಂಬತ್ತು ಗಂಟೆಗೆ ನಿನ್ನ ಮುಖ ನೋಡಿ ನಂಬಿದವರ ಮಟ್ಟಿಗೆ ಹೊಣೆ ಪೂರ್ತಿ ನಿನ್ನದೇ. ಒಳಗಿನ ಪಾಲು-ಪಂಚಾಯಿತಿ ಅವರಿಗೆ ಬೇಕಿಲ್ಲ.

ರಾದರ್ ಸುಳ್ಳುಗಾರರಲ್ಲ ಎಂದೇ ನನ್ನ ನಂಬಿಕೆ. ಎನ್‌ಬಿಸಿ ವಾಹಿನಿಯ ಆಂಕರ್ ಬ್ರಯನ್ ವಿಲಿಯಮ್ಸ್ ಅವರದು ಬೇರೆ ಕಥೆ. ಇರಾಕಿನಲ್ಲಿ ತಾವಿದ್ದ ಹೆಲಿಕಾಪ್ಟರಿಗೇ ರಾಕೆಟ್ ಬಡಿಯಿತು ಎಂದು ಹೇಳಿಕೊಂಡು, ಅದರಲ್ಲಿದ್ದ ಸೈನಿಕರೇ ಅಲ್ಲವೆಂದಾಗ 2015ರಲ್ಲಿ ಆರು ತಿಂಗಳು ಅಮಾನತಾದರು. ಅದು ಸ್ವಂತ ಬಡಾಯಿ. ರಾದರ್ ಬೇರೆಯವರ ಕೆಲಸವನ್ನು ನಂಬಿ ಕೆಟ್ಟರು, ಆಮೇಲೆ ಆ ನಂಬಿಕೆಯನ್ನು ಬಿಡಲಾರದೆ ಇನ್ನೂ ಕೆಟ್ಟರು. ಹೆಚ್ಚು ನಷ್ಟವಾದದ್ದು ಅವರಿಗಲ್ಲ. ಬುಷ್‌ರ ಗಾರ್ಡ್ ಸೇವೆಯ ಪ್ರಶ್ನೆ ಆ ಹಾಳೆಗಳಿಲ್ಲದೆಯೂ ನಿಂತಿತ್ತು. ಆ ಹಾಳೆಗಳ ಜೊತೆಗೆ ಅದೂ ಬಿದ್ದುಹೋಯಿತು, ಚುನಾವಣೆ ಮುಗಿಯುವವರೆಗೆ ಅದನ್ನು ಎತ್ತುವ ಧೈರ್ಯ ಹೆಚ್ಚು ಜನಕ್ಕೆ ಬರಲಿಲ್ಲ.

ನಮ್ಮಲ್ಲಿ ಹೀಗೆ ಕುರ್ಚಿ ಹೋಗುವುದಿಲ್ಲ ಬಿಡು ಎಂದು ನೀನು ನಗಬಹುದು. 2016ರಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂದು ಕೆಲವು ಹಿಂದಿ ವಾಹಿನಿಗಳಲ್ಲಿ ಗಂಟಲು ಹರಿದುಕೊಂಡರಲ್ಲ, ಅದಕ್ಕಾಗಿ ಯಾರಾದರೂ ಮನೆಗೆ ಹೋದದ್ದನ್ನು ನಾನೂ ಕೇಳಿಲ್ಲ. ಆದರೂ ಹೇಳುತ್ತೇನೆ. ಕಂಟ್ರೋಲ್ ರೂಮಿನಿಂದ ಕಿವಿಯೊಳಗೆ, ಹೊಡಿ, ಬ್ರೇಕಿಂಗ್ ಹೊಡಿ ಎಂದು ಕೂಗುವಾಗ ಚರ್ಚೆ ಮಾಡಲು ಆಗದು, ಹೊಸಬಳು ಬೇಡವೆನ್ನಲೂ ಆಗದು. ಹಾಗಾಗಿ ಎಂಟೂವರೆಗೇ ರನ್‌ಡೌನ್ ತರಿಸಿಕೊಂಡು ಅದರಲ್ಲಿ ಅತ್ಯಂತ ಬಿಸಿಯಾದ ಸುದ್ದಿ ಯಾವುದೆಂದು ನೋಡು. ಅದೊಂದನ್ನು ಹಿಡಿದು ಕೇಳು: ಮೂಲಪ್ರತಿ ಯಾರ ಹತ್ತಿರ ಇದೆ, ಈ ವಿಡಿಯೊ ಸ್ಟ್ರಿಂಗರ್ ತೆಗೆದದ್ದೋ ವಾಟ್ಸಾಪ್‌ನಲ್ಲಿ ಬಂದದ್ದೋ, ಬೇಡ ಎಂದವರು ಯಾರಾದರೂ ಇದ್ದಾರಾ. ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. 'ಎನ್ನಲಾಗಿದೆ' ಎಂದು ಸೇರಿಸಿ ಪಾರಾಗಬಹುದೆಂದು ಹೇಳಿಕೊಡುವವರಿದ್ದರೆ ನಂಬಬೇಡ, ಮನೆಯಲ್ಲಿ ಕೂತವರಿಗೆ ಕೇಳಿಸುವುದು ಅದಕ್ಕೆ ಹಿಂದಿನ ಮಾತಷ್ಟೇ. ತಪ್ಪಾದರೆ ಮರುದಿನ ಅದೇ ಒಂಬತ್ತು ಗಂಟೆಗೆ, ಅದೇ ದನಿಯಲ್ಲಿ ಹೇಳಲು ಜಗಳ ಮಾಡು. ಪ್ರೊಬೇಷನ್ ಮುಗಿದ ಮೇಲೆ ಜಗಳ ಮಾಡಿದರೂ ಆದೀತು.

ರಾದರ್ ಆಮೇಲೆ ಸಣ್ಣ ವಾಹಿನಿಯಲ್ಲಿ, ಫೇಸ್‌ಬುಕ್‌ನಲ್ಲಿ ಮತ್ತೆ ನೋಡುಗರನ್ನೂ ಓದುಗರನ್ನೂ ಗಳಿಸಿಕೊಂಡರು, 2024ರಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ಸಿಬಿಎಸ್ ಪರದೆಗೆ ಒಂದು ಸಂದರ್ಶನಕ್ಕಾಗಿ ಮರಳಿದರು. ಅವರ ಮೇಲೆ ಬಂದ ಸಿನಿಮಾವನ್ನೂ ನೋಡಬಹುದು, ರಾಬರ್ಟ್ ರೆಡ್‌ಫೋರ್ಡ್ ಚೆನ್ನಾಗಿ ಮಾಡಿದ್ದಾರೆ, ಆದರೆ ಅದು ಅವರ ಪರವಾಗಿ ಮಾಡಿದ ಸಿನಿಮಾ. ಅದಕ್ಕಿಂತ ಮೊದಲು ಆ 224 ಪುಟದ ವರದಿ ಓದು. ಪೂರ್ತಿ ಬೇಡ, ಸೆಪ್ಟೆಂಬರ್ 2ರಿಂದ 8ರವರೆಗಿನ ಭಾಗ ಸಾಕು. ಆ ವಾರದ ಯಾವ ದಿನ, ಯಾರಿಗೆ ಫೋನ್ ಮಾಡಿ ನೀನು ಅದನ್ನು ತಡೆಯುತ್ತಿದ್ದೆ, ಅಥವಾ ನಿಜವಾಗಿಯೂ ತಡೆಯುತ್ತಿದ್ದೆಯಾ ಎಂದು ನನಗೆ ಬರೆ.

ಇಂತಿ ನಿನ್ನ
ದೊಡ್ಡಪ್ಪ