ಘಟನೆಗಳ ಸಾಲನ್ನು ಕಣ್ಣಿನಿಂದ ಓದುವ ವಿದ್ಯೆ

ಇಸವಿಗಳನ್ನು ಬಾಯಿಪಾಠ ಮಾಡುವಾಗ ನಿಮಗುಂಟಾಗುವ ಬೇಸರವನ್ನು ನಾವು ಬಲ್ಲೆವು. ಪಂಪನು ಹುಟ್ಟಿದ್ದು 902ರಲ್ಲಿ, ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು 941ರಲ್ಲಿ, ರನ್ನನು ಹುಟ್ಟಿದ್ದು 949ರಲ್ಲಿ ಎಂದು ಒಂದೇ ಉಸಿರಿಗೆ ಒಪ್ಪಿಸಿದ ಹುಡುಗನನ್ನು, “ಹಾಗಾದರೆ ಪಂಪನು ಆ ಕಾವ್ಯವನ್ನು ಮುಗಿಸಿದಾಗ ರನ್ನನಿಗೆ ಎಷ್ಟು ವಯಸ್ಸು?” ಎಂದು ಕೇಳಿದೆವು. ಅವನು ಬೆರಳು ಮಡಿಸಿ ಲೆಕ್ಕ ಹಾಕಿ “ಎಂಟು” ಎಂದುಬಿಟ್ಟನು. ರನ್ನನು ಆಗಿನ್ನೂ ಹುಟ್ಟಿಯೇ ಇರಲಿಲ್ಲ! ಅಂಕೆಗಳು ಅವನ ತಲೆಯಲ್ಲಿದ್ದವು. ಅವುಗಳಲ್ಲಿ ಯಾವುದು ಮುಂದು, ಯಾವುದು ಹಿಂದು ಎಂಬುದು ಮಾತ್ರ ಕಣ್ಣಿಗೆ ಕಟ್ಟಿರಲಿಲ್ಲ.

ಈ ತೊಡಕನ್ನು ಮೊದಲು ಚೆನ್ನಾಗಿ ಅರಿತವರಲ್ಲಿ ನಮ್ಮಂತೆಯೇ ಪಾಠ ಹೇಳುತ್ತಿದ್ದ ಒಬ್ಬ ಮಾಸ್ತರರಿದ್ದರು. ಅವರು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಆಮ್ಲಜನಕದ ಪಾಠದಲ್ಲಿ ನೀವು ಅವರ ಹೆಸರನ್ನು ಓದಿದ್ದೀರಿ. ವಾರಿಂಗ್ಟನ್ ಎಂಬ ಊರಿನ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1765ರಲ್ಲಿ, ಅವರು ಜೀವನಚರಿತ್ರೆಗಳ ಪಟವೊಂದನ್ನು ಅಚ್ಚು ಮಾಡಿಸಿದರು. ಕ್ರಿ.ಪೂ. 1200ರಿಂದ ಕ್ರಿ.ಶ. 1800ರವರೆಗಿನ ಕಾಲವನ್ನು ಅಡ್ಡಲಾಗಿ ಹಾಸಿ, ಸುಮಾರು 2000 ಮಂದಿ ಪ್ರಸಿದ್ಧರ ಆಯುಸ್ಸನ್ನು ಒಂದೊಂದು ಗೆರೆಯಾಗಿ ಎಳೆದ ಪಟವದು. ಉದ್ದವಾದ ಗೆರೆಯೆಂದರೆ ದೀರ್ಘಾಯುಸ್ಸು. ಒಂದರ ಮೇಲೊಂದು ಬಂದ ಗೆರೆಗಳೆಂದರೆ ಸಮಕಾಲೀನರು. ಹುಟ್ಟಿನ ಅಥವಾ ಸಾವಿನ ಕಾಲವು ನಿಶ್ಚಯವಾಗಿ ತಿಳಿಯದ ಕಡೆಗಳಲ್ಲಿ ಅವರು ಗೆರೆಯ ಬದಲು ಚುಕ್ಕೆಗಳನ್ನಿಟ್ಟರು. ಈ ಚುಕ್ಕೆಗಳ ಮೇಲೆ ನಮಗೆ ವಿಶೇಷ ಗೌರವ. ನಮ್ಮ ಕುಮಾರವ್ಯಾಸನ ಗೆರೆಯನ್ನು ಎಳೆಯಬೇಕಾದರೆ ನಮಗೂ ಚುಕ್ಕೆಗಳು ಬೇಕಾಗುತ್ತವೆ.

ಇನ್ನೊಂದು ಬಗೆಯ ಚಿತ್ರವನ್ನು ಮುಂಬಯಿಯ ಮಕ್ಕಳಾದ ನೀವು ಸುಲಭವಾಗಿ ಗ್ರಹಿಸಬಲ್ಲಿರಿ. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಎಂಬವರು 1885ರ ತಮ್ಮ ಗ್ರಂಥದಲ್ಲಿ ಪ್ಯಾರಿಸ್ ಮತ್ತು ಲಿಯೋಂ ನಗರಗಳ ನಡುವಿನ ರೈಲುಗಳ ವೇಳಾಪಟ್ಟಿಯನ್ನು ಚಿತ್ರವಾಗಿ ಕೊಟ್ಟಿದ್ದಾರೆ. ಅದನ್ನು ರಚಿಸಿದ ಇಂಜಿನಿಯರರು ಇಬ್ರಿ ಎಂದು ಹೇಳುವುದುಂಟು. ಅಡ್ಡಲಾಗಿ ಗಂಟೆಗಳು, ನೆಟ್ಟಗೆ ನಿಲ್ದಾಣಗಳು. ಒಂದೊಂದು ರೈಲೂ ಒಂದು ಓರೆಗೆರೆ. ಚರ್ಚ್‌ಗೇಟಿನಿಂದ ವಿರಾರಿನವರೆಗಿನ ಸುಮಾರು 60 ಕಿಲೋಮೀಟರುಗಳ ದಾರಿಯನ್ನು ಹೀಗೆಯೇ ಬರೆದಿರುವಿರೆಂದು ಭಾವಿಸಿರಿ. ಫಾಸ್ಟ್ ಲೋಕಲಿನ ಗೆರೆಯು ಕಡಿದಾಗಿರುತ್ತದೆ, ಸ್ಲೋ ಲೋಕಲಿನದು ಇಳಿಜಾರಾಗಿ ಮಲಗಿರುತ್ತದೆ. ಎದುರುಬದುರಾಗಿ ಬರುವ ಗಾಡಿಗಳ ಗೆರೆಗಳು ಎಲ್ಲಿ ಕತ್ತರಿಸುವುವೋ ಅಲ್ಲಿ, ಆ ಗಳಿಗೆಯಲ್ಲಿ, ಅವು ಒಂದನ್ನೊಂದು ದಾಟುತ್ತವೆ. ಗಾಡಿಯು ನಿಂತರೆ ಗೆರೆಯೂ ಏರದೆ ಅಡ್ಡಲಾಗಿ ಸಾಗುತ್ತದೆ. ನಮ್ಮ ರೈಲ್ವೆಯ ನಿಯಂತ್ರಣ ಕಚೇರಿಗಳಲ್ಲಿ ಗಾಡಿಗಳ ಓಡಾಟವನ್ನು ಗುರುತಿಸುವುದು ಈ ಬಗೆಯ ನಕ್ಷೆಯಲ್ಲಿಯೇ.

ಇಷ್ಟನ್ನು ಕೈಯಿಂದಲೇ ಮಾಡಬಹುದು. ಆದರೆ ಗೆರೆಗಳು ಎರಡು ಸಾವಿರವಲ್ಲ, ಎರಡು ಲಕ್ಷವಾದರೆ? ಒಂದು ಆಸ್ಪತ್ರೆಗೆ ವರ್ಷದಲ್ಲಿ ಬಂದುಹೋಗುವ ರೋಗಿಗಳಲ್ಲಿ ಪ್ರತಿಯೊಬ್ಬರಿಗೂ ಹತ್ತಾರು ಘಟನೆಗಳಿರುತ್ತವೆ: ಬಂದದ್ದು, ತುರ್ತು ಚಿಕಿತ್ಸೆ, ವಾರ್ಡಿಗೆ ಸಾಗಿಸಿದ್ದು, ಬಿಡುಗಡೆಯಾದದ್ದು. ಇವನ್ನೆಲ್ಲ ಗಣಕಯಂತ್ರದಲ್ಲಿ ಮೂರು ಕಲಮುಗಳಾಗಿ ಬರೆದಿಡುತ್ತಾರೆ: ಯಾರಿಗೆ, ಏನು, ಯಾವಾಗ. ಈ ಮೂರು ಕಲಮುಗಳನ್ನು ಕೊಟ್ಟರೆ ಅವುಗಳಿಂದ ಚಿತ್ರವನ್ನು ಬಿಡಿಸಿ ತೋರಿಸುವ ತಂತ್ರಾಂಶಗಳು ಈಗ ಉಂಟು. ಅವುಗಳ ವಿಷಯವೇ ಈ ಪಾಠ.

ಇವುಗಳಲ್ಲಿ ಹೆಸರಾಂತ ಕೆಲವು ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದವು. ಅಲ್ಲಿ ಬೆನ್ ಶ್ನೈಡರ್‌ಮನ್ ಎಂಬ ಪ್ರಾಧ್ಯಾಪಕರು 1983ರಲ್ಲಿ ಮನುಷ್ಯನಿಗೂ ಗಣಕಯಂತ್ರಕ್ಕೂ ಇರುವ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದರು. ಅವರೂ ಕ್ಯಾಥರೀನ್ ಪ್ಲೇಸಾಂ ಮೊದಲಾದವರೂ ಸೇರಿ 1996ರಲ್ಲಿ ‘ಲೈಫ್‌ಲೈನ್ಸ್’ ಎಂಬುದನ್ನು ಪ್ರಕಟಪಡಿಸಿದರು. ಒಬ್ಬ ವ್ಯಕ್ತಿಯ ಕಡತವನ್ನೆಲ್ಲ ಒಂದೇ ತೆರೆಯ ಮೇಲೆ ಬಣ್ಣದ ಗೆರೆಗಳಾಗಿ ತೋರಿಸುವುದು ಅದರ ಕೆಲಸ. ಅದನ್ನು ಮೊದಲು ಅಳವಡಿಸಿ ನೋಡಿದ್ದು ನ್ಯಾಯಾಲಯದ ಕಟ್ಟೆ ಹತ್ತಿದ ಬಾಲಕರ ಕಡತಗಳಿಗೆ. ಬಳಿಕ ರೋಗಿಗಳ ಕಡತಗಳಿಗೆ. ನಿಮ್ಮ ವಯಸ್ಸಿನ ಹುಡುಗನೊಬ್ಬನ ತಪ್ಪುಗಳೆಲ್ಲ ಒಂದೇ ನೋಟಕ್ಕೆ ಕಾಣುವಂತಾದರೆ ಅವನಿಗೆ ಒಳಿತೋ ಕೆಡುಕೋ ಎಂದು ನಾವು ಬಹಳ ಹೊತ್ತು ಯೋಚಿಸಿದೆವು. ತಪ್ಪಿನ ಗೆರೆಗಳೊಡನೆ ಅವನಿಗೆ ದೊರೆತ ಉಪಚಾರದ ಗೆರೆಗಳೂ ಕಾಣುವುದರಿಂದ, ನೋಡುವ ಅಧಿಕಾರಿಯು ಸಹೃದಯನಾಗಿದ್ದರೆ ಒಳಿತೇ ಆಗಬಹುದೆಂದು ನಮ್ಮ ಎಣಿಕೆ.

ಒಬ್ಬನ ಬಾಳನ್ನು ಬರೆಯುವುದು ಒಂದು ಕೆಲಸ. ಸಾವಿರಾರು ಮಂದಿಯದನ್ನು ಒಟ್ಟಿಗೆ ಕಾಣಿಸುವುದು ಬೇರೆಯೇ ಕೆಲಸ. ಅದಕ್ಕಾಗಿ ಅದೇ ಪ್ರಯೋಗಶಾಲೆಯಿಂದ 2011ರಲ್ಲಿ ಕ್ರಿಸ್ಟ್ ವಾಂಗ್‌ಸುಫಸವತ್ ಮತ್ತು ಅವರ ಸಂಗಡಿಗರ ‘ಲೈಫ್‌ಫ್ಲೋ’ ಹೊರಬಂದಿತು. ಇದರ ಯುಕ್ತಿಯು ಸರಳವಾದದ್ದು. ಒಂದೇ ಬಗೆಯಾಗಿ ಆರಂಭವಾಗುವ ಸಾಲುಗಳನ್ನೆಲ್ಲ ಒಂದು ಕಟ್ಟಾಗಿ ಕಟ್ಟುವುದು. ಎಲ್ಲಿ ಅವು ಬೇರೆ ಬೇರೆ ದಾರಿ ಹಿಡಿಯುವುವೋ ಅಲ್ಲಿ ಮರದ ಕೊಂಬೆಗಳಂತೆ ಕವಲೊಡೆಯಿಸುವುದು. ಪಟ್ಟಿಯ ಎತ್ತರವು ಎಷ್ಟು ಮಂದಿ ಎಂಬುದನ್ನೂ, ಎರಡು ಪಟ್ಟಿಗಳ ನಡುವಿನ ಅಂತರವು ಸರಾಸರಿ ಎಷ್ಟು ಕಾಲ ಹಿಡಿಯಿತೆಂಬುದನ್ನೂ ಸೂಚಿಸುತ್ತದೆ. ವಾಷಿಂಗ್ಟನ್ ನಗರದ ಒಂದು ಆಸ್ಪತ್ರೆಯ ವೈದ್ಯರು ಇದರಿಂದ ತಮ್ಮ ರೋಗಿಗಳ ಸಾಗಾಟವನ್ನು ಪರಿಶೀಲಿಸಿದರು. ತೀವ್ರ ನಿಗಾ ಘಟಕದಿಂದ ಗುಣಮುಖನೆಂದು ಸಾಮಾನ್ಯ ವಾರ್ಡಿಗೆ ಕಳುಹಿಸಿದ ರೋಗಿಯು ಮರಳಿ ತೀವ್ರ ನಿಗಾ ಘಟಕಕ್ಕೇ ಬಂದರೆ, ಅವನನ್ನು ಅವಸರದಿಂದ ಕಳುಹಿಸಿದರೇನೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ಅಂಥವರ ಕೊಂಬೆಯು ಚಿತ್ರದಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ.

ಈ ವಿಷಯವು ಇಂಗ್ಲಿಷಿನಲ್ಲಿದ್ದುದರಿಂದ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ನಾವು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಯಿತು. ಓದಿದ್ದು ಮನಸ್ಸಿಗೆ ಹತ್ತಬೇಕಾದರೆ ಕೈಯಿಂದ ಮಾಡಿಯೇ ನೋಡಬೇಕೆಂದು, ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಒಂದು ಪ್ರಯೋಗವನ್ನು ಕೈಕೊಂಡೆವು. ಆ ತರಗತಿಯಲ್ಲಿ 38 ಮಂದಿ. ಶಾಲೆಯ ಗಂಟೆ 7-10ಕ್ಕೆ. ನಿತ್ಯವೂ ಹತ್ತು ಹನ್ನೊಂದು ಮಂದಿ ತಡವಾಗಿ ಬರುತ್ತಿದ್ದರು. ನಾವು ಅವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆವು. ಸೋಮಾರಿಗಳೆಂದು ಬೈದದ್ದೂ ಉಂಟು.

ಒಂದು ವಾರ ಕಾಲ ಪ್ರತಿಯೊಬ್ಬರೂ ಚೀಟಿಯೊಂದರಲ್ಲಿ ಐದು ಘಟನೆಗಳ ವೇಳೆಯನ್ನು ಬರೆದು ತರಬೇಕೆಂದು ಹೇಳಿದೆವು: ಎದ್ದದ್ದು, ನೀರು ತುಂಬಿದ್ದು, ಸ್ನಾನ, ಮನೆ ಬಿಟ್ಟದ್ದು, ಶಾಲೆಯ ಬಾಗಿಲು ದಾಟಿದ್ದು. ಮಂಗಳವಾರದ ಚೀಟಿಗಳನ್ನು ಆಯ್ದು, ಚೌಕುಳಿ ಹಾಳೆಯ ಮೇಲೆ ಗಡಿಯಾರದ ಗಂಟೆಗೆ ಸರಿಯಾಗಿ ಐದು ಬಣ್ಣದ ಚುಕ್ಕೆಗಳನ್ನಿಟ್ಟೆವು. ಬಣ್ಣದೋಕುಳಿಯಾಯಿತೇ ಹೊರತು ಏನೂ ತಿಳಿಯಲಿಲ್ಲ.

ಆಗ ಲೈಫ್‌ಫ್ಲೋದ ಯುಕ್ತಿಯನ್ನು ಹಿಡಿದೆವು. ‘ಎದ್ದದ್ದು’ ಎಂಬ ಪಟ್ಟಿಯು 38 ಚೌಕಗಳ ಎತ್ತರವಾಯಿತು. ಅಲ್ಲಿಂದ ಎರಡು ಕವಲುಗಳು: ಎದ್ದು ನೇರವಾಗಿ ಸ್ನಾನ ಮಾಡಿದವರು 29 ಮಂದಿ, ಎದ್ದು ಮೊದಲು ನೀರು ತುಂಬಿದವರು 9 ಮಂದಿ. ತಡವಾದ 11 ಮಂದಿಯಲ್ಲಿ 7 ಮಂದಿ ಈ ಚಿಕ್ಕ ಕವಲಿನಲ್ಲಿಯೇ ಇದ್ದರು! ಆ ಕವಲಿನ ಉಳಿದಿಬ್ಬರು ಶಾಲೆಯ ಗೋಡೆಗೆ ತಾಗಿದ ಚಾಳಿನವರಾದ್ದರಿಂದ ಹೇಗೋ ಓಡಿಬಂದು ಸೇರಿಕೊಳ್ಳುತ್ತಿದ್ದರು.

ಇನ್ನೊಂದು ಯುಕ್ತಿಯುಂಟು. ಸಾಲುಗಳನ್ನು ಗಡಿಯಾರಕ್ಕೆ ಕಟ್ಟಿಹಾಕದೆ, ಮುಖ್ಯವಾದ ಒಂದು ಘಟನೆಯನ್ನು ಆರಿಸಿ, ಎಲ್ಲರ ಆ ಘಟನೆಯೂ ಒಂದೇ ನೇರಗೆರೆಯ ಮೇಲೆ ಬರುವಂತೆ ಸಾಲುಗಳನ್ನು ಸರಿಸುವುದು. ವೈದ್ಯರಾದರೆ ಮೊದಲ ಹೃದಯಾಘಾತವನ್ನು ಆ ಗೆರೆಯ ಮೇಲೆ ತಂದು, ಅದಕ್ಕೆ ಮುಂಚೆ ಏನಾಯಿತು, ಅನಂತರ ಏನಾಯಿತು ಎಂದು ನೋಡುತ್ತಾರೆ. ನಾವು ‘ನೀರು ತುಂಬಿದ್ದು’ ಎಂಬುದನ್ನು ಆ ಗೆರೆಗೆ ತಂದೆವು. ಗೆರೆಯ ಎಡಕ್ಕೆ ಚುಕ್ಕೆಗಳು ಚೆದರಿದ್ದವು, ಏಕೆಂದರೆ ಎದ್ದ ವೇಳೆಯು ಒಬ್ಬೊಬ್ಬರದೂ ಬೇರೆ. ಬಲಕ್ಕೆ ಮಾತ್ರ ಆ ಏಳು ಮಂದಿಯ ಚುಕ್ಕೆಗಳು ಸೈನಿಕರಂತೆ ಸಾಲಾಗಿ ನಿಂತಿದ್ದವು. ನಲ್ಲಿಗೆ ನೀರು ಬಂದ ಮೇಲೆ ಸುಮಾರು 50 ನಿಮಿಷಕ್ಕೆ ಎಲ್ಲರೂ ಶಾಲೆಯ ಬಾಗಿಲು ಮುಟ್ಟುತ್ತಿದ್ದರು. ನೀರು ಬರುತ್ತಿದ್ದುದು 6-30ಕ್ಕೆ. ಎಷ್ಟು ಬೇಗ ಎದ್ದರೇನು? ಕೊಡ ಹಿಡಿದು ಕಾಯುವುದೇ ಹೆಚ್ಚಾಗುತ್ತಿತ್ತು. ನಾವು ಎಲ್ಲರಿಗಿಂತ ಹೆಚ್ಚು ಸಲ ಹೊರಗೆ ನಿಲ್ಲಿಸಿದ್ದ ಹುಡುಗಿಯ ಎಡಗಡೆಯ ಚುಕ್ಕೆಯು ಎಲ್ಲರದಕ್ಕಿಂತ ದೂರದಲ್ಲಿತ್ತು. ಅವಳು 5 ಗಂಟೆಗೇ ಎದ್ದಿದ್ದಳು. ಇಡೀ ತರಗತಿಯಲ್ಲಿ ಅವಳಿಗಿಂತ ಮೊದಲು ಎದ್ದವರು ಇರಲಿಲ್ಲ.

ಚಿತ್ರವನ್ನು ಕಂಡು ನಾವು ಕೂಡಲೆ “ನೀರೇ ಕಾರಣ” ಎಂದು ತೀರ್ಮಾನಿಸಲು ಹೊರಟಿದ್ದೆವು. ಆದರೆ ಇಂತಹ ಚಿತ್ರಗಳು ತೋರಿಸುವುದು ಯಾವುದರ ತರುವಾಯ ಯಾವುದು ಎಂಬುದನ್ನು. ಯಾವುದರಿಂದ ಯಾವುದು ಎಂಬುದನ್ನಲ್ಲ. ಕೋಳಿ ಕೂಗಿದ ತರುವಾಯ ಸೂರ್ಯ ಹುಟ್ಟುವುದನ್ನು ನೀವೂ ಬಲ್ಲಿರಿ. ಆದುದರಿಂದ ವಾರದ ಉಳಿದ ಚೀಟಿಗಳನ್ನು ಹುಡುಕಿದೆವು. ಶನಿವಾರ ನೀರು ಅರ್ಧ ಗಂಟೆ ಮುಂಚಿತವಾಗಿ ಬಂದಿತ್ತು. ಅಂದು ಏಳರಲ್ಲಿ ಆರು ಮಂದಿ ಗಂಟೆ ಬಾರಿಸುವುದರೊಳಗೆ ಬಂದಿದ್ದರು. ಅನಂತರವೇ ನಾವು ಮುಖ್ಯಾಧ್ಯಾಪಕರ ಬಳಿಗೆ ಹಾಳೆಯನ್ನು ಒಯ್ದದ್ದು. ಅವರು ಸ್ವಲ್ಪ ಹೊತ್ತು ನೋಡಿ, ಆ ಏಳು ಮಂದಿಗೆ ಪ್ರಾರ್ಥನೆಯ ವೇಳೆಯ ವಿನಾಯಿತಿಯನ್ನು ಕೊಟ್ಟರು. ಆ ಹುಡುಗಿಯೊಡನೆ ನಾವು ಮಾತನಾಡಿದೆವು. ಅವಳು “ಪರವಾಗಿಲ್ಲ ಸಾರ್” ಎಂದಳು. ನಮಗೆ ಮುಂದೆ ಮಾತು ಹೊರಡಲಿಲ್ಲ.

ಉಳಿದ ನಾಲ್ವರ ಸಂಗತಿ ಏನು? ಇಬ್ಬರು ನಿಜವಾಗಿಯೂ ನಿದ್ರೆಯ ಭಕ್ತರು. ಒಬ್ಬನು ದೂರದಿಂದ ಲೋಕಲಿನಲ್ಲಿ ಬರುವವನು. ಒಂದು ಗಾಡಿ ತಪ್ಪಿದರೆ ಅವನ ಗತಿ ಮುಗಿಯಿತು. ನಾಲ್ಕನೆಯವನ ಸಾಲು ಮಾತ್ರ ನಮ್ಮನ್ನು ಕಾಡಿತು. 6-20ಕ್ಕೆ ಮನೆ ಬಿಡುತ್ತಾನೆ, ಹದಿನೈದು ನಿಮಿಷದ ದಾರಿ, ಬಾಗಿಲು ಮುಟ್ಟುವುದು 7-20ಕ್ಕೆ. ನಡುವೆ ಖಾಲಿ. ದಾರಿಯಲ್ಲಿ ಆಟವಾಡುತ್ತಾನೆಂದು ಭಾವಿಸಿದ್ದೆವು. ಕೇಳಿದಾಗ, ತಾಯಿಯು ಬೆಳಗಿನ ಪಾಳಿಯ ಕೆಲಸಕ್ಕೆ ಹೋಗುವುದರಿಂದ ತಮ್ಮನನ್ನು ಅಜ್ಜಿಯ ಮನೆಗೆ ಮುಟ್ಟಿಸಿ ಬರುತ್ತಾನೆಂದು ತಿಳಿಯಿತು. ನಮ್ಮ ಐದು ಘಟನೆಗಳಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಎಂತಹ ತಂತ್ರಾಂಶವಾದರೂ ಬರೆಯದೆ ಬಿಟ್ಟ ಘಟನೆಯನ್ನು ಚಿತ್ರದಲ್ಲಿ ತರಲಾರದು. ಮತ್ತು ಏನನ್ನು ಬರೆಯಬೇಕೆಂದು ಗೊತ್ತುಮಾಡುವವರು ನಮ್ಮಂತಹ ಮನುಷ್ಯರೇ.

ಇನ್ನು ಎರಡು ಮಾತು. ಘಟನೆಗಳಲ್ಲಿ ಎರಡು ಜಾತಿ. ಬಾಗಿಲು ದಾಟುವುದು ಕ್ಷಣದ ಘಟನೆ; ನೀರಿಗಾಗಿ ಕಾಯುವುದು ಅವಧಿಯುಳ್ಳ ಘಟನೆ. ಅವಧಿಗಳು ಒಂದರೊಳಗೊಂದು ಹೊಕ್ಕಿರಬಹುದು, ಅರ್ಧ ಒಂದರ ಮೇಲೊಂದು ಬಿದ್ದಿರಬಹುದು. ಇವುಗಳನ್ನೂ ಸಂಭಾಳಿಸಬಲ್ಲ ‘ಈವೆಂಟ್‌ಫ್ಲೋ’ ಎಂಬ ತಂತ್ರಾಂಶವನ್ನು ಅದೇ ಪ್ರಯೋಗಶಾಲೆಯ ಮೇಗನ್ ಮನ್ರೋ ಮೊದಲಾದವರು ರೂಪಿಸಿದರು. ಉಬ್ಬಸದ ರೋಗಿಗಳು ಯಾವ ಔಷಧವನ್ನು ಯಾವುದರೊಡನೆ, ಎಷ್ಟು ಕಾಲ ತೆಗೆದುಕೊಂಡರೆಂಬುದನ್ನು ಅದರಿಂದ ಅಭ್ಯಸಿಸಲಾಗಿದೆ. ಆದರೆ ದಾಖಲೆಗಳು ಹೆಚ್ಚಿದಂತೆ ಒಬ್ಬರ ಸಾಲು ಇನ್ನೊಬ್ಬರದನ್ನು ಹೋಲದೆ, ಚಿತ್ರವು ಕೂದಲೆಳೆಯಂತಹ ಸಾವಿರ ಪಟ್ಟಿಗಳಾಗಿ ಒಡೆದುಹೋಗುತ್ತದೆ. ಅದಕ್ಕಾಗಿ ಅವರು 2013ರಲ್ಲಿ ಸರಳಗೊಳಿಸುವ ಕ್ರಮವನ್ನು ವಿವರಿಸಿದರು: ಬೇಡವಾದ ಘಟನೆಗಳನ್ನು ಮರೆಮಾಡುವುದು, ಸಣ್ಣ ಸಣ್ಣವನ್ನು ಕೂಡಿಸಿ ಒಂದೇ ಹೆಸರಿನಿಂದ ಕರೆಯುವುದು. ನಾವು ಹಲ್ಲುಜ್ಜುವುದನ್ನೂ ತಲೆ ಬಾಚುವುದನ್ನೂ ‘ಸ್ನಾನ’ದಲ್ಲಿಯೇ ಸೇರಿಸಿದ್ದು ಇದೇ ಕ್ರಮ. ಎಷ್ಟು ಮರೆಮಾಡಬೇಕೆಂಬುದು ಕಠಿನ ಪ್ರಶ್ನೆ. ಹೆಚ್ಚು ಮರೆಮಾಡಿದರೆ ಅಜ್ಜಿಯ ಮನೆಯ ದಾರಿಯೂ ಮರೆಯಾದೀತು.

ನಮಗೆ 38 ಚೀಟಿಗಳಿಗೆ ಎರಡು ಸಂಜೆಗಳು ಹಿಡಿದವು. ತಂತ್ರಾಂಶವು ಸಾವಿರಾರು ದಾಖಲೆಗಳನ್ನು ಚಹಾ ಆರುವುದರೊಳಗೆ ಬಿಡಿಸಿ, ಬೇಕಾದ ಘಟನೆಯನ್ನು ಮುಟ್ಟಿದೊಡನೆ ಎಲ್ಲ ಸಾಲುಗಳನ್ನೂ ಸರಿಸಿ ಕೊಡುತ್ತದೆ.

ಆ ಚೌಕುಳಿ ಹಾಳೆಯು ಈಗಲೂ ಅಧ್ಯಾಪಕರ ಕೊಠಡಿಯ ಕಪಾಟಿನಲ್ಲಿದೆ. ಅದರಲ್ಲಿ ಹೆಸರುಗಳಿಲ್ಲ, ಕ್ರಮಸಂಖ್ಯೆಗಳು ಮಾತ್ರ ಇವೆ. ತಮ್ಮನನ್ನು ಮುಟ್ಟಿಸಿ ಬರುವುದಕ್ಕಾಗಿ ಆರನೆಯ ಬಣ್ಣವೊಂದನ್ನು ಅನಂತರ ಸೇರಿಸಿದ್ದೇವೆ. ಈ ವರ್ಷ ಒಂಬತ್ತನೆಯ ತರಗತಿಯವರು ಇದೇ ಪ್ರಯೋಗವನ್ನು ಮಾಡಲಿರುವರು. ಯಾವ ಘಟನೆಗಳನ್ನು ಬರೆಯಬೇಕೆಂಬುದನ್ನು ಈ ಸಲ ಅವರೇ ಆರಿಸುವರು.