ಲಂಗರು ಹಾಕಿ ದಡಕ್ಕೆ ಹೋಗುವ ಮೊದಲು

ಲಂಗರು ಇಳಿಬಿಟ್ಟೊಡನೆ ದೋಣಿ ನಿಂತಿತೆಂದು ದಡದಲ್ಲಿರುವ ನಾವು ಭಾವಿಸುತ್ತೇವೆ. ಅದು ನಿಂತಿರುವುದಿಲ್ಲ, ಗಾಳಿ, ಪ್ರವಾಹಗಳು ಎಳೆದತ್ತ ಹಗ್ಗದ ಅಳತೆಯೊಳಗೆ ತಿರುಗುತ್ತಲೇ ಇರುತ್ತದೆ. ಕಾವಲಿಗೆ ಯಾರನ್ನೂ ಬಿಡದೆ ದಡಕ್ಕಿಳಿಯುವವನು ಇದನ್ನು ಮೊದಲು ನೆನೆಯಬೇಕು.

ಲಂಗರು ತನ್ನ ತೂಕದಿಂದಲೇ ದೋಣಿಯನ್ನು ಹಿಡಿಯುತ್ತದೆಂಬುದು ಪೂರ್ಣ ಸತ್ಯವಲ್ಲ. ಅದರ ಕೊಕ್ಕೆ ಕೆಸರಿನಲ್ಲೋ ಮರಳಿನಲ್ಲೋ ಹೂತು, ಹಗ್ಗ ಅದನ್ನು ಅಡ್ಡಲಾಗಿ ಎಳೆಯುತ್ತಿರುವಷ್ಟು ಹೊತ್ತು ಹಿಡಿತವಿರುತ್ತದೆ. ಹಗ್ಗ ಮೇಲಕ್ಕೆ ಎಳೆಯತೊಡಗಿದರೆ ಕೊಕ್ಕೆ ಕಿತ್ತುಬರುತ್ತದೆ. ನಾವು ಲಂಗರು ಎತ್ತುವುದೂ ಹಾಗೆಯೇ ಅಲ್ಲವೇ? ಆದುದರಿಂದ ನೀರಿನ ಆಳಕ್ಕೆ ದೋಣಿಯ ಮುಂತುದಿಯ ಎತ್ತರವನ್ನು ಕೂಡಿಸಿ, ಅದರ ಐದರಿಂದ ಏಳು ಪಟ್ಟು ಹಗ್ಗ ಬಿಡುವುದು ವಾಡಿಕೆ. ತುದಿಗೆ ತುಸು ಸರಪಳಿಯಿದ್ದರೆ ಇನ್ನೂ ಒಳ್ಳೆಯದು.

ಆದರೆ ಆಳವೆಂದರೆ ಯಾವ ಹೊತ್ತಿನ ಆಳ? ನಮ್ಮ ತಂದೆಯವರು ತಪ್ಪಿದ್ದು ಇಲ್ಲಿಯೇ. ನನ್ನ ಮೊದಲನೆಯ ವರ್ಷದ ಫೀ ಕಟ್ಟುವ ಕಡೆಯ ದಿನ, ಅವರು ಶರಾವತಿಯ ಅಳಿವೆಯೊಳಗೆ ಇಳಿತದ ಹೊತ್ತಿನಲ್ಲಿ ಲಂಗರು ಹಾಕಿ, ಅವಸರದಿಂದ ನನ್ನೊಡನೆ ಬಸ್ಸು ಹತ್ತಿದರು. ನೀರು ಸುಮಾರು 3 ಮೀಟರು, ಮುಂತುದಿ 1 ಮೀಟರು, ಹಗ್ಗ 20 ಮೀಟರು. ಸರಿಯಾಗಿ ಐದು ಪಟ್ಟು. ಇಳಿತದಿಂದ ಭರತಕ್ಕೆ ಆರು ಗಂಟೆಗೆ ತುಸು ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ನೀರು ಒಂದೂವರೆ ಮೀಟರು ಏರಿತೆನ್ನೋಣ: 20 ಮೀಟರು ಹಗ್ಗ ಈಗ ಐದೂವರೆ ಮೀಟರಿಗೆ ನಾಲ್ಕು ಪಟ್ಟೂ ಅಲ್ಲ. ಮೇಲಾಗಿ ಭರತದ ಪ್ರವಾಹ ಒಳಮುಖ. ಮಧ್ಯಾಹ್ನದ ಕಡಲಗಾಳಿಯೂ ಅತ್ತಲೇ. ನಾವು ಮರಳಿದಾಗ ದೋಣಿ ಮರಳದಿಬ್ಬದ ಮೇಲೆ ವಾಲಿ ಬಿದ್ದಿತ್ತು. ಎರಡು ಹಲಗೆ ಒಡೆದಿದ್ದವು. ಆ ದುರಸ್ತಿಗಾದ ಖರ್ಚು ನನ್ನ ಫೀಗಿಂತ ಹೆಚ್ಚು. ಭರತ ಇಳಿತಗಳ ಪಾಠವನ್ನು ನಾನು ಭೂಗೋಳದ ತರಗತಿಯಲ್ಲಿ ಓದಿದ್ದು ಅದೇ ವರ್ಷ!

ಹಗ್ಗ ಉದ್ದವಾದರೆ ತಿರುಗುವ ವೃತ್ತವೂ ದೊಡ್ಡದಾಗುತ್ತದೆ. ಪಕ್ಕದ ದೋಣಿ, ದಿಬ್ಬ, ಬಂಡೆಗಳನ್ನು ನೋಡಿಕೊಂಡೇ ಬಿಡಬೇಕು. ಕತ್ತಲಾಗುವುದಾದರೆ ಸುತ್ತಲೂ ಕಾಣುವ ಬಿಳಿಯ ದೀಪವಿರಬೇಕು. 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಗಳು 7 ಮೀಟರಿಗಿಂತ ಚಿಕ್ಕ ದೋಣಿಗೆ ವಿನಾಯಿತಿ ಕೊಟ್ಟಿವೆ; ಆದರೆ ಇತರ ನೌಕೆಗಳು ಓಡಾಡುವ ದಾರಿಯಲ್ಲಿ ಅದು ಸಲ್ಲದು.

ಈಗ ತಂದೆಯವರು ಲಂಗರು ಹಾಕಿ ಅರ್ಧ ಗಂಟೆ ದೋಣಿಯಲ್ಲೇ ಕೂಡುತ್ತಾರೆ. ದಡದ ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಗುಡ್ಡದ ಬಂಡೆಯನ್ನೂ ಒಂದೇ ಸಾಲಿನಲ್ಲಿ ಗುರುತಿಟ್ಟುಕೊಳ್ಳುತ್ತಾರೆ. ಅವೆರಡೂ ಅತ್ತಿತ್ತ ಸರಿದು ಮತ್ತೆ ಕೂಡಿದರೆ ದೋಣಿ ತಿರುಗುತ್ತಿದೆಯೆಂದು ಅರ್ಥ. ಒಂದೇ ಕಡೆಗೆ ಅಗಲುತ್ತ ಹೋದರೆ ಲಂಗರು ಜಾರುತ್ತಿದೆ. ಕಳೆದ ರಜೆಯಲ್ಲಿ ನಾನು ಬೇಗ ಇಳಿಯೋಣವೆಂದೆ. ಅವರು ಹಗ್ಗದ ಮೇಲಿನ ಕೈ ತೆಗೆಯದೆ, "ಕೂತ್ಕೊ ತಮಾ, ಇವತ್ತು ಫೀ ಕಟ್ಟೂದೇನೂ ಇಲ್ಲ" ಎಂದರು.