ಹಲಗೆಯ ಗುಣ ಅರಿತು ಅಂಟು ಹಚ್ಚು

"ತಾತ, ಬೀರುವಿನ ಬಾಗಿಲು ಕಿತ್ತು ಕೈಗೇ ಬಂತು. ಫೆವಿಕ್ವಿಕ್ ಹಾಕಿ ಅಂಟಿಸಿಬಿಟ್ಟೆ" ಅಂತ ವಿಶಾಖಪಟ್ಟಣದಿಂದ ಫೋನ್ ಮಾಡಿದೆಯಲ್ಲ, ಆ "ಬಿಟ್ಟೆ" ಅನ್ನೋ ಮಾತಿನಲ್ಲೇ ನಿನ್ನ ಸ್ವಭಾವವೆಲ್ಲ ಇದೆ ಮಗು. ಡಬ್ಬದಲ್ಲಿ ಬಂದ ಹಲಗೆಗಳನ್ನು ಒಂದೇ ಸಂಜೆಯಲ್ಲಿ ಬೀರು ಮಾಡಿ ನಿಲ್ಲಿಸಿದ ಜಾಣತನ ನಿನ್ನದು. ಕೈ ಚುರುಕು, ಒಪ್ಪಿದೆ. ಕಣ್ಣು ನೋಡಿ ಮುಗಿಸೋ ಮೊದಲೇ ಕೈ ಕೆಲಸ ಮುಗಿಸುತ್ತೆ, ಅದೇ ತೊಂದರೆ. ಸ್ವಲ್ಪ ಕೂತು ಕೇಳು.

ಅಂಗಡಿಗೆ ಆಮೇಲೆ ಹೋಗುವೆಯಂತೆ. ಮೊದಲು ಸ್ಕ್ರೂ ಕಿತ್ತ ತೂತಿಗೆ ಟಾರ್ಚ್ ಹಿಡಿ. ಒಡೆದ ರವೆ ಉಂಡೆಯ ಹಾಗೆ ಮರದ ಚೂರು ಕಂಡರೆ ಅದು ಪಾರ್ಟಿಕಲ್ ಬೋರ್ಡ್. ಹಿಟ್ಟಿನ ಹಾಗೆ ನುಣ್ಣಗಿದ್ದರೆ ಎಂಡಿಎಫ್. ಪದರ ಪದರ ಕಂಡರೆ ಪ್ಲೈವುಡ್. ಹೊರಗಿನ ತೇಗದ ಗೆರೆ ನಂಬಬೇಡ, ಅದು ಅಚ್ಚು ಹಾಕಿದ ಹೊದಿಕೆ. ಹಾಗಂತ ಪಾರ್ಟಿಕಲ್ ಬೋರ್ಡನ್ನು ಹೀಗಳೆಯಲೂ ಬೇಡ. ಒಣ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಬಾಳುತ್ತೆ. ಅದಕ್ಕೆ ಆಗದ್ದು ಎರಡೇ: ನೀರು, ಮತ್ತೆ ಒಂದೇ ತೂತಿಗೆ ಸ್ಕ್ರೂ ತಿರುಗಿಸಿ ತಿರುಗಿಸಿ ಬಿಗಿಯುವ ಕೈ.

ಫೆವಿಕ್ವಿಕ್ ಗಟ್ಟಿಯಾಗುತ್ತೆ ನಿಜ, ಆದರೆ ಅದರದ್ದು ಪೆಡಸು ಗಟ್ಟಿ. ದಿನಕ್ಕೆ ಇಪ್ಪತ್ತು ಸಲ ಎಳೆಯುವ ಬಾಗಿಲಿಗೆ ಅದು ತಾಳದು. ಬೀರುವಿನ ಜೊತೆ ಬಂದ ಪೊಟ್ಟಣದಲ್ಲಿ ಸಣ್ಣ ಮರದ ಗೂಟ ಮಿಕ್ಕಿರಬೇಕು, ಹುಡುಕು. ಗೂಟ 8 ಮಿ.ಮೀ. ಇದ್ದರೆ ತೂತನ್ನೂ ಅಷ್ಟಕ್ಕೇ ದೊಡ್ಡದು ಮಾಡು. ಡ್ರಿಲ್ ಆಚೆ ಬದಿಗೆ ತೂರಿಹೋಗದ ಹಾಗೆ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಇಟ್ಟುಕೋ. ಪುಡಿ ಊದು. ಬಿಳಿ ಫೆವಿಕಾಲ್ ಹಚ್ಚಿ ಗೂಟ ಬಡಿ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡ. ಆಮೇಲೆ ಮಿಕ್ಕಿದ್ದು ಕೊಯ್ದು, ಸಣ್ಣ ತೂತು ಕೊರೆದು, ಸ್ಕ್ರೂವನ್ನು ಕೈಯಿಂದಲೇ ತಿರುಗಿಸು. ಇನ್ನೊಂದು ಮಾತು, ಬಿಳಿ ಅಂಟು ಮರದೊಳಗೆ ಇಂಗಿದರೇನೇ ಹಿಡಿತ. ಹೊಳೆಯುವ ಲ್ಯಾಮಿನೇಟಿನ ಮೇಲೆ ಬಳಿದರೆ ಸಿಪ್ಪೆಯ ಹಾಗೆ ಎದ್ದುಬರುತ್ತೆ.

ಬೀರುವಿನ ಮೂಲೆ ಉದುರಿದ್ದರೆ ಅದಕ್ಕೆ ಗೋಡೆಯ ಪುಟ್ಟಿ ಮೆತ್ತುವ ಯೋಚನೆ ಬಿಡು. ನಮ್ಮ ವಿಜಯವಾಡದ ಪಕ್ಕದ ಕೊಂಡಪಲ್ಲಿಯ ಬೊಂಬೆ ಕೆಲಸದವರನ್ನು ನೆನೆಸಿಕೋ. ತೆಲ್ಲ ಪೊಣಿಕಿ ಅನ್ನೋ ಹಗುರ ಮರದಲ್ಲಿ ಕೈಕಾಲು ಬೇರೆ ಬೇರೆ ಕೆತ್ತಿ, ಹುಣಿಸೆ ಬೀಜದ ಪುಡಿಗೆ ಮರದ ಹೊಟ್ಟು ಕಲಸಿದ 'ಮಕ್ಕು' ಹಚ್ಚಿ ಕೂಡಿಸುತ್ತಾರೆ. ಮರದ ಗಾಯಕ್ಕೆ ಮರದ್ದೇ ಮದ್ದು. ನೀನೂ ಬಡಗಿಯ ಹತ್ತಿರ ಹಿಡಿ ಹೊಟ್ಟು ತಂದು ಫೆವಿಕಾಲಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜು. ಕಾಲು ತಾಗುವ ಮೂಲೆಗಾದರೆ ಎಂ-ಸೀಲ್ ಇರಲಿ.

ನೀರಿನ ವಿಷಯಕ್ಕೆ ಬರೋಣ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನಿನ್ನ ಊರನ್ನು ಹೇಗೆ ಬಡಿಯಿತು ಅಂತ ಅಲ್ಲಿಯ ಹಿರಿಯರನ್ನು ಕೇಳು. ಇಲ್ಲಿ ವಿಜಯವಾಡದಲ್ಲಿ 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ಸಿಂಗ್ ನಗರದ ಮನೆಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಜನ ಬೀರುಗಳನ್ನು ಬಿಸಿಲಿಗೆ ಎಳೆದು ಹಾಕಿದ್ದರು. ತೇವ ಆರಿತು, ಊದಿದ ಹಲಗೆ ಮಾತ್ರ ಇಳಿಯಲಿಲ್ಲ. ಒಮ್ಮೆ ಊದಿದ ಪಾರ್ಟಿಕಲ್ ಬೋರ್ಡ್ ಹಳೆಯ ಆಕಾರಕ್ಕೆ ಬರೋದಿಲ್ಲ. ಉಜ್ಜಿ ಬಣ್ಣ ಬಳಿದು ನಿನ್ನನ್ನು ನೀನೇ ನಂಬಿಸಿಕೊಳ್ಳಬೇಡ. ಅಡಿಹಲಗೆ ಊದಿದ್ದರೆ ಅದೊಂದನ್ನೇ ಬದಲಿಸು.

ಬದಲಿಗೆ ಪ್ಲೈವುಡ್ ಕೇಳಿದಾಗ ಅಂಗಡಿಯವರು "ಅಂತಾ ವಾಟರ್‌ಪ್ರೂಫೇ ಅಂಡಿ", ಎಲ್ಲಾ ವಾಟರ್‌ಪ್ರೂಫೇ ರೀ, ಅನ್ನುತ್ತಾರೆ. ನಕ್ಕು ತಲೆಯಾಡಿಸಿ ಹಲಗೆಯ ಮೇಲಿನ ಮುದ್ರೆ ಓದು. ಎಂಆರ್ ಅಂತಿದ್ದರೆ ಗಾಳಿಯ ತೇವ ತಡೆಯುತ್ತೆ, ನಿಂತ ನೀರನ್ನಲ್ಲ. ನೆಲಕ್ಕೆ ತಾಗುವ ಹಲಗೆಗೆ ಐಎಸ್ 710 ಮುದ್ರೆ ಇರಲಿ. ಕೊಯ್ದ ಅಂಚೇ ನೀರು ಕುಡಿಯುವ ಬಾಯಿ. ಅದಕ್ಕೆ ಎಡ್ಜ್ ಬ್ಯಾಂಡ್ ಅಂಟಿಸು, ಇಲ್ಲವೇ ಎರಡು ಕೈ ವಾರ್ನಿಶ್ ಬಳಿ. ಕೆಳಗೆ ಪ್ಲಾಸ್ಟಿಕ್ ಬುಷ್ ಹಾಕಿ ಬೀರುವನ್ನು ನೆಲದಿಂದ ಎತ್ತು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳು, ನಿನ್ನೂರಿನ ಉಪ್ಪುಗಾಳಿಗೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ.

ನಾಲ್ಕೂ ಬದಿ ಊದಿದ್ದರೆ ಮೋಹ ಬಿಡು. ಕೀಲು, ಹಿಡಿಕೆ, ಗೂಟ ಬಿಚ್ಚಿ ಒಂದು ಡಬ್ಬಿಯಲ್ಲಿ ಎತ್ತಿಡು, ಮುಂದಿನ ರಿಪೇರಿಗೆ ಅವೇ ಬಂಡವಾಳ.

ತಾಳಿದವನು ಬಾಳಿಯಾನು ಅಂದರು ಹಿರಿಯರು. ಅಂಟಿಗೂ ಆ ಮಾತು ಸಲ್ಲುತ್ತೆ, ನಿನಗೂ ಸಲ್ಲುತ್ತೆ. ಇವತ್ತು ರಾತ್ರಿ ಗೂಟ ಬಡಿದು ಮಲಗು. ಬಾಗಿಲು ನಾಳೆ ರಾತ್ರಿ ಹಾಕು.